ಮಳೆಗಾಲದ ಜಂತುಹುಳಕ್ಕೆ ಕುರಿ ಸಾಯಬಾರದು ಅಂದರೆ ಮೇವು ಹೀಗೆ ನೋಡಿಕೊಳ್ಳಿ

ಜಂತಿನ ಔಷಧಿ ಕುಡಿಸಿದ್ದೆ, ಆದರೂ ನಾಲ್ಕೇ ದಿನಕ್ಕೆ ಕುರಿ ಸತ್ತಿತು ಅಂತ ಹೇಳುವವರು ಬಹಳ ಜನ. ಒಂದು ಆಗಸ್ಟ್‌ನಲ್ಲಿ ನಮ್ಮ ರೊಪ್ಪದಲ್ಲೂ ಮೂರು ತಾಯಿ ಕುರಿ ಹೋದವು. ಮೂರೂ ಮರಿಗೆ ಹಾಲು ಕೊಡುತ್ತಿದ್ದವು, ಮೂರೂ ಬೇಸಿಗೆಯಲ್ಲೇ ಬೆನ್ನುಮೂಳೆ ಕಾಣುವಷ್ಟು ಬಡಕಲಾಗಿದ್ದವು. ಅದೇ ಕೆರೆ ಅಂಗಳದಲ್ಲಿ ಮೇಯ್ದು, ಅದೇ ಔಷಧಿ ಕುಡಿದ ಟಗರುಗಳಿಗೆ ಏನೂ ಆಗಲಿಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಕುರಿಗಳನ್ನು ಜಾಸ್ತಿ ಕಾಡುವುದು ಹೀಮಾಂಕಸ್ ಅನ್ನುವ ಹುಳ. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಇರುತ್ತದೆ. ಹೆಣ್ಣು ಹುಳ ಎರಡು ಮೂರು ಸೆಂಟಿಮೀಟರ್ ಉದ್ದ, ಕೆಂಪು ಬಿಳಿ ದಾರ ಹೊಸೆದ ಹಾಗೆ ಕಾಣುತ್ತದೆ. ಒಂದು ಹುಳದಿಂದ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಹೋಗುತ್ತದೆ. ಏನೂ ಅಲ್ಲ ಅನ್ನಿಸುತ್ತೆ ಅಲ್ವಾ? ಸಾವಿರ ಹುಳ ಇದ್ದರೆ ದಿನಕ್ಕೆ 50 ಮಿ.ಲೀ. ಆಯಿತು, 30 ಕೆ.ಜಿ. ಕುರಿಯ ಮೈಯಲ್ಲಿ ಇರುವುದೇ ಎರಡು ಲೀಟರ್ ಆಸುಪಾಸು ರಕ್ತ. ಹೋದ ರಕ್ತವನ್ನು ಮತ್ತೆ ಮಾಡಿಕೊಳ್ಳಲು ಪ್ರೋಟೀನ್ ಬೇಕು, ಹುಳ ಹಾಳು ಮಾಡಿದ ಹೊಟ್ಟೆಯ ಒಳಪದರ ರಿಪೇರಿಗೂ ಪ್ರೋಟೀನೇ ಬೇಕು, ಹುಳದ ವಿರುದ್ಧ ಹೋರಾಡುವ ರೋಗನಿರೋಧಕ ಶಕ್ತಿಗೂ ಅದೇ ಬೇಕು. ಅದೇ ಹೊತ್ತಿಗೆ ಹುಳ ಕುರಿಯ ಹಸಿವನ್ನೂ ಕಡಿಮೆ ಮಾಡುತ್ತದೆ. ದವಡೆ ಕೆಳಗೆ ನೀರು ತುಂಬಿ ಬಾವು ಬರುವುದು ಇದಕ್ಕೇ. ರಕ್ತದಲ್ಲಿನ ಪ್ರೋಟೀನ್ ಕುಸಿದಾಗ ನೀರು ರಕ್ತನಾಳದಲ್ಲಿ ನಿಲ್ಲದೆ ಹೊರಗೆ ಇಳಿಯುತ್ತದೆ.

ಇನ್ನೊಂದು ಮಾತು ಗಮನ ಇಟ್ಟು ಓದಿ. ತಾಯಿ ಕುರಿಯ ದೇಹ ಸಿಕ್ಕ ಪ್ರೋಟೀನನ್ನು ಮೊದಲು ಮರಿಗೆ, ಹಾಲಿಗೆ ಕೊಡುತ್ತದೆ, ಹುಳದ ಜೊತೆ ಹೋರಾಟಕ್ಕೆ ಉಳಿದದ್ದು ಮಾತ್ರ. ಆದ್ದರಿಂದಲೇ ಈಯುವ ಸಮಯಕ್ಕೆ ಹಿಕ್ಕೆಯಲ್ಲಿ ಹುಳದ ಮೊಟ್ಟೆ ಏರುತ್ತದೆ. ನಮ್ಮಲ್ಲಿ ಮಾರ್ಚ್‌ನಿಂದ ಮೇವರೆಗೆ ಮೇವಿಲ್ಲ, ಜೂನ್‌ನಲ್ಲಿ ಮಳೆ ಬಿದ್ದ ಕೂಡಲೇ ಹುಳದ ಮರಿಗಳು ಹುಲ್ಲಿಗೆ ಬರುತ್ತವೆ. ಅಂದರೆ ಕುರಿ ತೀರಾ ಸೋತಾಗಲೇ ಹುಳ ಬರುತ್ತದೆ.

ಹಾಗಾಗಿ ಕೈ ಮೇವು ಶುರು ಮಾಡಬೇಕಾದ್ದು ಮಳೆಗೆ ಮುಂಚೆ, ಏಪ್ರಿಲ್ ಕೊನೆಯಿಂದ. ಎಲ್ಲ ಕುರಿಗೂ ಕೊಡಲು ಆಗಲ್ಲ ಅಂದರೆ ಗಬ್ಬದ ಕೊನೆಯ ಆರು ವಾರದಲ್ಲಿರುವ ಕುರಿ, ಹಾಲು ಕೊಡುವ ಕುರಿ, ಹಾಲು ಬಿಟ್ಟ ಮರಿ, ಇಷ್ಟಕ್ಕಾದರೂ ಕೊಡಿ. 10 ಕೆ.ಜಿ. ಮಿಶ್ರಣಕ್ಕೆ ಮೆಕ್ಕೆಜೋಳದ ನುಚ್ಚು 4 ಕೆ.ಜಿ., ಶೇಂಗಾ ಹಿಂಡಿ 3 ಕೆ.ಜಿ., ಗೋಧಿ ಬೂಸಾ 2 ಕೆ.ಜಿ. 700 ಗ್ರಾಂ, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ. ತಾಯಿ ಕುರಿಗೆ ದಿನಕ್ಕೆ 200ರಿಂದ 250 ಗ್ರಾಂ ಸಾಕು, ಆದರೆ ಮೊದಲ ದಿನ 50 ಗ್ರಾಂನಿಂದ ಶುರು ಮಾಡಿ ವಾರ ಹತ್ತು ದಿನದಲ್ಲಿ ಏರಿಸಿ, ಒಮ್ಮೆಲೇ ಜಾಸ್ತಿ ಕಾಳು ಹಾಕಿದರೆ ಹೊಟ್ಟೆ ಹುಳಿಯಾಗಿ ಅದರಿಂದಲೇ ಕುರಿ ಸಾಯಬಹುದು. ಬೂಷ್ಟು ಹಿಡಿದ ಹಿಂಡಿ ಅಗ್ಗಕ್ಕೆ ಸಿಕ್ಕಿತು ಅಂತ ಹಾಕಲೇಬೇಡಿ, ಅದರ ವಿಷ ಲಿವರ್ ಕೆಡಿಸುತ್ತದೆ. ಖನಿಜ ಮಿಶ್ರಣವೂ ಕುರಿಗೆ ಅಂತಲೇ ಮಾಡಿದ್ದಿರಲಿ. ದನದ ಮಿಶ್ರಣದಲ್ಲಿ ತಾಮ್ರ ಜಾಸ್ತಿ ಇರಬಹುದು, ಕುರಿಗೆ ತಾಮ್ರ ಬೇಗ ವಿಷವಾಗುತ್ತದೆ.

ಹಿಂಡಿಗೆ ದುಡ್ಡಿಲ್ಲದಿದ್ದರೆ ಸೊಪ್ಪು ಇದೆ. ಅಗಸೆ ಮರದ ಸೊಪ್ಪು, ನುಗ್ಗೆ, ಸುಬಾಬುಲ್, ಕುದುರೆ ಮಸಾಲೆ ಎಲ್ಲದರಲ್ಲೂ ಒಳ್ಳೆ ಪ್ರೋಟೀನ್ ಇದೆ. ಸುಬಾಬುಲ್ ಮಾತ್ರ ಒಟ್ಟು ಮೇವಿನ ಮೂರನೇ ಒಂದು ಭಾಗ ದಾಟದಿರಲಿ. ರಾಗಿ ಹುಲ್ಲು, ಜೋಳದ ದಂಟು ಹೊಟ್ಟೆ ತುಂಬಿಸುತ್ತವೆ, ಆದರೆ ರಕ್ತ ಕಟ್ಟಿಕೊಳ್ಳುವಷ್ಟು ಪ್ರೋಟೀನ್ ಅವುಗಳಲ್ಲಿ ಇಲ್ಲ. ಜಾಲಿ, ಹಲಸು, ಆಲದ ಎಲೆಯ ಒಗರೂ ಮಿತವಾಗಿ ಸಿಕ್ಕರೆ ಹುಳಕ್ಕೆ ಒಳ್ಳೆಯದಲ್ಲ, ಕುರಿಗೆ ಒಳ್ಳೆಯದು. ಮರದ ಸೊಪ್ಪಿನಿಂದ ಇನ್ನೊಂದು ಲಾಭ ಇದೆ. ಹುಳದ ಮರಿಗಳು ಹುಲ್ಲಿನ ಬುಡದ ನಾಲ್ಕೈದು ಸೆಂಟಿಮೀಟರ್‌ನಲ್ಲೇ ಜಾಸ್ತಿ ಇರುತ್ತವೆ, ಎತ್ತರದ ಎಲೆ ತಿಂದ ಕುರಿಯ ಬಾಯಿಗೆ ಅವು ಬರುವುದಿಲ್ಲ. ಬೆಳಗಿನ ಇಬ್ಬನಿ ಆರುವವರೆಗೆ ಕುರಿ ಬಿಡಬೇಡಿ.

ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಪ್ರತಿ ಕುರಿಯ ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಬಣ್ಣ ನೋಡಿ. ದಕ್ಷಿಣ ಆಫ್ರಿಕಾದವರು ಇದಕ್ಕೆ ಐದು ಬಣ್ಣದ ಫಮಾಚಾ ಕಾರ್ಡ್ ಮಾಡಿದ್ದಾರೆ. ಕೆಂಪಾಗಿದ್ದರೆ ಸುಮ್ನೆ ಔಷಧಿ ಕುಡಿಸಬೇಡಿ, ಬಿಳುಚಿದ್ದರೆ ಅವತ್ತೇ ಕುಡಿಸಿ. ಎಲ್ಲಕ್ಕೂ ಪದೇ ಪದೇ ಕುಡಿಸಿದರೆ ಔಷಧಿಗೆ ಬಗ್ಗದ ಹುಳ ಮಾತ್ರ ಉಳಿಯುತ್ತದೆ. ಹೀಮಾಂಕಸ್ ಒಂದೇ ಇದ್ದರೆ ಸಾಮಾನ್ಯವಾಗಿ ಭೇದಿ ಆಗುವುದಿಲ್ಲ, ಹಿಕ್ಕೆ ಗಟ್ಟಿ ಇದೆ ಅಂತ ಕಣ್ಣು ನೋಡದೆ ಬಿಡಬೇಡಿ. ಡೋಸ್ ಅಂದಾಜಿಗೆ ಬೇಡ, ತೂಕ ಮಾಡಿ ಪಶುವೈದ್ಯರನ್ನು ಕೇಳಿ. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಬೇಡವೇ ಬೇಡ.

ಬಿಳುಚಿದ ಕುರಿಯನ್ನು ಹಿಂಡಿನ ಜೊತೆ ದೂರ ನಡೆಸಬೇಡಿ, ಅಟ್ಟಿಸಿದರೆ ದಾರಿಯಲ್ಲೇ ಕುಸಿದು ಸಾಯುತ್ತದೆ. ನೆರಳಲ್ಲಿ ಬೇರೆ ಕಟ್ಟಿ, ನೀರು, ಹಸಿ ಸೊಪ್ಪು ಹತ್ತಿರ ಇಡಿ, ಹಿಂಡಿಯನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಮೂರು ಸಲ ಕೊಡಿ. ಔಷಧಿ ಹುಳ ಉದುರಿಸುತ್ತದೆ ಅಷ್ಟೆ, ಹೋದ ರಕ್ತ ವಾಪಸ್ ಬರಲು ಕೆಲವು ವಾರ ಬೇಕು, ಕಣ್ಣಿನ ಕೆಂಪು ಮರಳುವವರೆಗೂ ಈ ಮೇವು ನಿಲ್ಲಿಸಬೇಡಿ. ಔಷಧಿ ಕುಡಿಸಿ ಹತ್ತರಿಂದ ಹದಿನಾಲ್ಕು ದಿನ ಬಿಟ್ಟು ತಾಜಾ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ಮೊಟ್ಟೆ ಎಣಿಸಿ. ಇನ್ನೂ ಮೊಟ್ಟೆ ಇದ್ದರೆ ಬೇರೆ ಗುಂಪಿನ ಔಷಧಿ ಬರೆಸಿಕೊಳ್ಳಿ.