ಎದುರಿನವರ ಸಹಿ ಬೀಳುವ ತನಕ

ಪ್ರಬಂಧ ಅಂದರೆ ನಮ್ಮ ಹುಡುಗರಿಗೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಗೈಡಿನಿಂದ ಬಾಯಿಪಾಠ ಮಾಡಿದ್ದನ್ನು ಈ ಮೂರು ತಲೆಬರಹಗಳ ಕೆಳಗೆ ಇಳಿಸಿದರೆ ಆಯಿತು. ‘ಮೊಬೈಲ್: ವರವೋ ಶಾಪವೋ’ ಎಂದು ಕೊಟ್ಟರೆ ಅರ್ಧ ಪುಟ ವರ, ಅರ್ಧ ಪುಟ ಶಾಪ, ಕೊನೆಗೆ ‘ಹಿತಮಿತವಾಗಿ ಬಳಸೋಣ’. ಯಾರ ಜೊತೆಗೂ ತಕರಾರಿಲ್ಲ. ಅದೇ ಹುಡುಗರು ಊಟದ ಬಿಡುವಿನಲ್ಲಿ ಕಾಲುವೆ ನೀರಿನ ಬಗ್ಗೆ ವಾದಕ್ಕೆ ಬಿದ್ದರೆ ವಕೀಲರೂ ಸುಮ್ಮನಾಗಬೇಕು!

ನಾನು ಕನ್ನಡ ಕಲಿಸುವುದು ಸಿಂಧನೂರು ಸೀಮೆಯ ಪ್ರೌಢಶಾಲೆಯಲ್ಲಿ, ತುಂಗಭದ್ರಾ ಎಡದಂಡೆಯ ಉಪಕಾಲುವೆಯೊಂದರ ಮಗ್ಗುಲಿಗೆ. ಕ್ಲಾಸಿನಲ್ಲಿ ಕಾಲುವೆ ನೀರು ಮೊದಲು ಸಿಗುವ ಮೇಲ್ಭಾಗದ ಊರಿನವರೂ ಇದ್ದಾರೆ, ಕೊನೆಗೆ ಮುಟ್ಟುವ ಟೇಲೆಂಡಿನವರೂ ಇದ್ದಾರೆ. ಹಾಗಾಗಿ ವಿಷಯ ಹುಡುಕಿಕೊಂಡು ಎಲ್ಲಿಗೂ ಹೋಗಲಿಲ್ಲ: ‘ಮೇಲ್ಭಾಗದಲ್ಲಿ ಭತ್ತ ಕಡಿಮೆ ಮಾಡಬೇಕೇ?’

ಷರತ್ತು ಒಂದೇ. ಮೊದಲ ಪ್ಯಾರಾದಲ್ಲಿ ಎದುರಿನವರ ವಾದ ಬರೆಯಬೇಕು. ಅವರು ಓದಿ, ಇದು ನಮ್ಮ ಮಾತೇ ಎಂದು ಕೆಳಗೆ ಸಹಿ ಹಾಕಬೇಕು. ಆಮೇಲೆ ನಿಮ್ಮದು. ಪೂರ್ವಪಕ್ಷ ಇಟ್ಟು ಸಿದ್ಧಾಂತಕ್ಕೆ ಬರುವ ನಮ್ಮ ಹಳೆಯ ಶಾಸ್ತ್ರದ ದಾರಿಯೇ ಇದು. ಹುಡುಗರಿಗೆ ಆ ಹೆಸರೇನೂ ಹೇಳಲಿಲ್ಲ. ‘ಸರ್, ಅವರ ಪರ ಬರದಿದ್ದು ನಮ್ಮಪ್ಪಗ ಗೊತ್ತಾದ್ರ ಬೈತಾನ್ರಿ’ ಎಂದ ಒಬ್ಬ.

ಟೇಲೆಂಡಿನ ಹುಡುಗಿಯೊಬ್ಬಳು ಎದುರಿನವರ ಪರವಾಗಿ ಬರೆದದ್ದು ಇಷ್ಟು: ‘ಮೇಲಿನವರಿಗೆ ದುರಾಸೆ, ಭತ್ತಕ್ಕೆ ರೇಟು ಜಾಸ್ತಿ.’ ಸಹಿ ಬೀಳಲಿಲ್ಲ. ಮೇಲ್ಭಾಗದ ಹುಡುಗ ಎದ್ದು ನಿಂತು ಹೇಳಿದ: ‘ಸುತ್ತ ಎಲ್ಲಾ ಗದ್ದಿ ಆದ ಮ್ಯಾಲ ನಮ್ಮ ಹೊಲದಾಗೂ ಬಸಿನೀರು ನಿಂದರ್ತದ. ಹತ್ತಿ ಹಾಕಿದ್ರ ಬೇರು ಕೊಳಿತದ. ಭತ್ತ ಬಿಟ್ಟು ಮತ್ತೇನು ಹಚ್ಚಬೇಕು?’ ಅವಳು ಅದನ್ನು ಬರೆದುಕೊಂಡಳು, ಸಹಿ ಬಿತ್ತು. ಈಗ ಅವಳಿಗೆ ನಿಜವಾದ ಕೆಲಸ ಹತ್ತಿತು. ದುರಾಸೆಯನ್ನು ಬೈದರೆ ಸಾಕಿತ್ತು, ಬಸಿನೀರಿಗೆ ಉತ್ತರ ಕೊಡಬೇಕಲ್ಲ! ಮುಂದಿನ ಕರಡಿನಲ್ಲಿ ಅವಳ ಬೇಡಿಕೆಯೇ ಬದಲಾಗಿತ್ತು: ಜವುಳು ಹಿಡಿದ ಹೊಲಕ್ಕೆ ಮೊದಲು ಬಸಿಗಾಲುವೆ ತೋಡಲಿ, ಹೊಸದಾಗಿ ಗದ್ದೆ ಮಾಡುವುದನ್ನು ಮಾತ್ರ ತಡೆಯಲಿ.

ಆಧಾರದ ವಿಷಯದಲ್ಲಿ ಹೆಚ್ಚು ಹೊತ್ತು ಹೋಯಿತು. 2024ರ ಆಗಸ್ಟ್‌ನಲ್ಲಿ ಚೈನ್ ಕಡಿದು ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದದ್ದನ್ನು ಬಹಳ ಮಂದಿ ತಂದು ತುರುಕಿದ್ದರು. ದೊಡ್ಡ ಸುದ್ದಿ, ನಿಜ. ಆದರೆ ಮೇಲಿನವರಿಗೆಷ್ಟು, ಕೆಳಗಿನವರಿಗೆಷ್ಟು ಎನ್ನುವ ಪ್ರಶ್ನೆಗೆ ಅದರಿಂದ ಏನೂ ಸಿಗುವುದಿಲ್ಲ, ಹೊಡೆದು ಹಾಕಿಸಿದೆ. ಇನ್ನೊಬ್ಬ ಬರೆದಿದ್ದ: ‘ಜಲಾಶಯದಲ್ಲಿ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಆದ್ದರಿಂದ ಭತ್ತ ನಿಲ್ಲಿಸಬೇಕು.’ ಅಂಕಿ ಸರಿ. ಆದರೆ ಹೂಳಿನಿಂದ ಭತ್ತಕ್ಕೆ ಜಿಗಿದದ್ದು ಹೇಗೆ? ಹೂಳು ತೆಗೆಯಿರಿ, ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಿರಿ ಎಂದು ಇನ್ನೊಬ್ಬ ಅದೇ ಅಂಕಿ ಹಿಡಿದು ವಾದಿಸಬಹುದು. ನಡುವೆ ಬಿಟ್ಟ ವಾಕ್ಯ ಯಾವುದು ಎಂದು ಇಡೀ ಕ್ಲಾಸಿಗೆ ಕೇಳಿದೆ. ಬಹಳ ಹಗ್ಗಜಗ್ಗಾಟದ ನಂತರ ಬೋರ್ಡಿನ ಮೇಲೆ ಬಂತು: ‘ಈ ಯೋಜನೆಯನ್ನು ರೂಪಿಸಿದ್ದೇ ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ, ನೀರು ಕಡಿಮೆಯಾದಾಗ ಮೊದಲು ಹಿಡಿತ ಬೀಳಬೇಕಾದದ್ದು ಹೆಚ್ಚು ನೀರು ಕುಡಿಯುವ ಬೆಳೆಗೆ.’ ಈಗ ಇದನ್ನು ಒಪ್ಪಬಹುದು, ಬಿಡಬಹುದು, ಆದರೆ ಜಗಳ ಎಲ್ಲಿದೆ ಅನ್ನುವುದಾದರೂ ಗೊತ್ತಾಗುತ್ತದೆ.

ಪರೀಕ್ಷೆಯ ಚಿಂತೆ ಪಾಲಕರಿಗೂ ಇದೆ, ನನಗೂ ಇದೆ. ಮೂರು ತಲೆಬರಹ ಹಾಗೇ ಇರಲಿ ಎಂದಿದ್ದೇನೆ. ಪೀಠಿಕೆಯಲ್ಲಿ ನಿಲುವು ಒಂದೇ ವಾಕ್ಯದಲ್ಲಿ, ನಿರೂಪಣೆಯಲ್ಲಿ ಎದುರು ವಾದ ಮತ್ತು ಉತ್ತರ, ಉಪಸಂಹಾರದಲ್ಲಿ ಬೇಡಿಕೆ. ‘ಸರ್ಕಾರ ಗಮನ ಹರಿಸಬೇಕು’ ಎಂಬ ವಾಕ್ಯಕ್ಕೆ ಮಾತ್ರ ನನ್ನಲ್ಲಿ ಅಂಕವಿಲ್ಲ. ಯಾವ ಇಲಾಖೆ, ಯಾವ ತೂಬು, ಯಾವ ತಿಂಗಳು ಎಂದು ಬರೆದರೆ ಕೊಡುತ್ತೇನೆ.