ವೆಂಟಿಲೇಟರ್ ಇಲ್ಲದೆ ನಾಯಿಯ ಪಕ್ಕೆಲುಬಿನ ಗಡ್ಡೆ ತೆಗೆದ ನನ್ನ ಅನುಭವ

"ಎದೆ ತೆರೆದರೆ ನಾಯಿ ಟೇಬಲ್ ಮೇಲೇ ಹೋಗುತ್ತೆ, ಸುಮ್ನೆ ಬೆಂಗಳೂರಿಗೆ ಕಳಿಸಿಬಿಡಿ" ಅಂದವರೇ ಜಾಸ್ತಿ. ಆ ಲ್ಯಾಬ್ರಡಾರ್ ವರ್ಷ ಕಳೆದರೂ ಗೇಟು ಹಾರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಗಡ್ಡೆ ಇದ್ದದ್ದು 5ನೇ ಪಕ್ಕೆಲುಬಿನಲ್ಲಿ, ಎಲುಬು ಮೃದ್ವಸ್ಥಿಗೆ ಸೇರುವ ಕಡೆ. ಎಕ್ಸ್‌ರೇ ಮೂರೂ ಭಂಗಿಯಲ್ಲಿ ಶ್ವಾಸಕೋಶ ಸ್ವಚ್ಛವಾಗಿತ್ತು. ಗಡ್ಡೆಯ ಸುತ್ತ 3 ಸೆಂ.ಮೀ. ಚೆನ್ನಾಗಿದ್ದ ಭಾಗವನ್ನೂ ಸೇರಿಸಿ ಕತ್ತರಿಸಿ, ಹಿಂದೊಂದು ಮುಂದೊಂದು ಸೇರಿಸಿ ಮೂರು ಪಕ್ಕೆಲುಬು ತೆಗೆದೆ.

ಇದಕ್ಕೆ ಮುಂಚೆ ಕಳೆದುಕೊಂಡಿದ್ದೂ ಇದೆ. ಒಂದು ಕೇಸಿನಲ್ಲಿ ಮಾಲೀಕರ ಹತ್ತಿರ ದುಡ್ಡಿಲ್ಲ, ಮೆಷ್ (ಎದೆಯ ಗೋಡೆಯ ತೂತು ಮುಚ್ಚುವ ಜಾಲರಿ) ಬೇಡ ಅಂದರು. ಬರೀ ಸ್ನಾಯು ಮುಚ್ಚಿದೆ. ಉಸಿರೆಳೆದಾಗ ಆ ಜಾಗ ಒಳಗೆ, ಬಿಟ್ಟಾಗ ಹೊರಗೆ. ಉಳಿಯಲಿಲ್ಲ. ಇನ್ನೊಂದರಲ್ಲಿ ಆಪರೇಷನ್ ಚೆನ್ನಾಗೇ ಆಗಿತ್ತು. ರಾತ್ರಿ, ಎದೆಯೊಳಗಿನ ಗಾಳಿ-ನೀರು ಹೊರತೆಗೆಯಲು ಇಟ್ಟ ಡ್ರೈನ್ ಪೈಪಿನ ಕನೆಕ್ಟರ್ ಕಳಚಿ ಎದೆಗೆ ಗಾಳಿ ನುಗ್ಗಿತು. ಈಗ ಪೈಪಿಗೆ ಬಿಗಿಯುವ ಕ್ಲಾಂಪ್ ಎರಡು, ರಾತ್ರಿಯಿಡೀ ಪಕ್ಕದಲ್ಲಿ ಒಬ್ಬರು.

ಉಸಿರಾಟಕ್ಕೆ ನಮ್ಮ ಕಾಂಪೌಂಡರ್ ಕೈಯೇ ವೆಂಟಿಲೇಟರ್. ನಿಮಿಷಕ್ಕೆ 10–12 ಸಲ ಬ್ಯಾಗ್ ಒತ್ತಬೇಕು, ಒತ್ತಡ 20 ಸೆಂ.ಮೀ. ನೀರಿನ ಮಟ್ಟ ದಾಟಬಾರದು. ಅರಿವಳಿಕೆ ಮೆಷಿನ್ನಿನ ಒತ್ತಡದ ಗೇಜ್ ಕೆಟ್ಟಿತ್ತು. ಡ್ರಿಪ್ ಸೆಟ್ಟಿನ ಪೈಪನ್ನು 'ಯು' ಆಕಾರಕ್ಕೆ ಬಗ್ಗಿಸಿ, ಬಣ್ಣದ ನೀರು ತುಂಬಿ, ಸ್ಕೇಲಿಗೆ ಅಂಟಿಸಿದೆ. ಎರಡು ಕಡೆಯ ಮಟ್ಟದ ವ್ಯತ್ಯಾಸವೇ ಒತ್ತಡ. ಹತ್ತಿಪ್ಪತ್ತು ರೂಪಾಯಿ ಖರ್ಚು, ಈಗಲೂ ಅದೇ ನಡೀತಿದೆ!

ಮೆಷ್ ಮನುಷ್ಯರ ಹರ್ನಿಯಾಗೆ ಬಳಸುವ ಪಾಲಿಪ್ರೊಪಿಲೀನ್, ಸುಮಾರು ಎರಡೂವರೆ ಸಾವಿರ. ಅಂಚು ಮಡಚಿ, ಸಡಿಲ ಬಿಡದೆ ಬಿಗಿಯಾಗಿ ಹೊಲಿದು, ಮೇಲೆ ಬೆನ್ನಿನ ಅಗಲವಾದ ಲಾಟಿಸಿಮಸ್ ಸ್ನಾಯು ಎಳೆದು ಮುಚ್ಚಿದೆ. ಮೊದಲ ಹೊಲಿಗೆ ಎಲ್ಲಿಂದ ಶುರು ಮಾಡುತ್ತೇನೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಒಟಿಗೆ ಬನ್ನಿ, ತೋರಿಸುತ್ತೇನೆ. ಮುಚ್ಚುವ ಮುಂಚೆ ಪಕ್ಕೆಲುಬಿನ ನರಗಳಿಗೆ ಬುಪಿವಕೇನ್ (ಆ ಜಾಗ ಮರಗಟ್ಟಿಸುವ ಔಷಧಿ) ಕೊಡಿ, ಜಿಪುಣತನ ಬೇಡ. ನೋವಿದ್ದರೆ ನಾಯಿ ಪೂರ್ತಿ ಉಸಿರೆಳೆಯುವುದೇ ಇಲ್ಲ.

ಡ್ರೈನ್‌ನಲ್ಲಿ ಬರುವ ನೀರು ಕೆಜಿಗೆ ದಿನಕ್ಕೆ 2 ಮಿ.ಲೀ. ಆಸುಪಾಸು ಇಳಿದ ಮೇಲೆ ಪೈಪ್ ತೆಗೆದೆ. ನನ್ನ ಖರ್ಚು ಹದಿನೆಂಟು ಸಾವಿರ ಇರಬಹುದು. ಮಾಲೀಕರು ಎರಡು ಕಂತಿನಲ್ಲಿ ಮೂವತ್ತು ಕೊಟ್ಟರು. ಬೇರೆ ಕಡೆ ಲಕ್ಷದ ಮೇಲೆ ಹೇಳಿದ್ದರಂತೆ. ಗಡ್ಡೆಯ ರಿಪೋರ್ಟ್ ಕಾಂಡ್ರೋಸಾರ್ಕೋಮಾ (ಮೃದ್ವಸ್ಥಿಯ ಕ್ಯಾನ್ಸರ್) ಅಂತ ಬಂತು, ಅದೃಷ್ಟ. ಆಸ್ಟಿಯೋಸಾರ್ಕೋಮಾ (ಎಲುಬಿನ ಕ್ಯಾನ್ಸರ್) ಆಗಿದ್ದರೆ ಕಾರ್ಬೋಪ್ಲಾಟಿನ್ ಕೀಮೋ ಶುರು ಮಾಡಬೇಕಿತ್ತು, ಅದರ ಬಿಲ್ಲೇ ಬೇರೆ.

ಮುಂದಿನ ವಾರ 11ನೇ ಪಕ್ಕೆಲುಬಿನ ಕೇಸ್ ಇದೆ. ಅಲ್ಲಿ ಮೆಷ್ ಇಲ್ಲದೆ, ವಪೆಯನ್ನೇ (ಎದೆ-ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಮುಂದಕ್ಕೆಳೆದು ಹೊಲಿದು ನೋಡುವವನಿದ್ದೇನೆ.