ಹಳೇ ಗಂಟೆ ಎರಡು ತಂದು ಹತ್ತನ್ನ ಹನ್ನೆರಡು ಮಾಡಿದ್ದು: ನನ್ನ ಅನುಭವ

ಕೊನೆಗೂ ಹೋದ ತಿಂಗಳು ನಮ್ಮ ಚರ್ಚಿನ ಹನ್ನೆರಡೂ ಗಂಟೆಗಳನ್ನ ಒಟ್ಟಿಗೆ ಬಾರಿಸಿದ್ವಿ, ಆಗೋದೇ ಇಲ್ಲ ಅಂದವರೂ ಹಗ್ಗ ಹಿಡಿದು ನಿಂತಿದ್ರು, ಅದಕ್ಕೇ ಬರೀತಿದೀನಿ. ಇಂಗ್ಲೆಂಡಲ್ಲಿ ನಾನು ಬಾರಿಸೋ ಕೆಥೆಡ್ರಲ್ ಟವರಲ್ಲಿ ಇದ್ದಿದ್ದು ಹತ್ತು ಗಂಟೆಗಳು, ಹಗ್ಗ ಎಳೆದು ಪೂರ್ತಿ ಸುತ್ತು ತಿರುಗಿಸಿ ಬಾರಿಸೋವು; ಟೆನರ್, ಅಂದ್ರೆ ಎಲ್ಲಕ್ಕಿಂತ ದೊಡ್ಡ ಗಂಟೆ, ಟನ್ನೂಕಾಲು ತೂಕ. ಮೇಲಿನ ಸ್ವರಕ್ಕೆ ಎರಡು ಟ್ರೆಬಲ್ (ಸಣ್ಣ ಗಂಟೆ) ಹೊಸದಾಗಿ ಎರಕ ಹೊಯ್ಸಿದ್ರೆ ಫ್ರೇಮು ಫಿಟ್ಟಿಂಗು ಸೇರಿ 60 ಸಾವಿರ ಪೌಂಡ್ ಹತ್ರ ಕೊಟೇಶನ್ ಬಂತು, ಅಲ್ಲಿಗೆ ಎಲ್ಲರೂ ತಣ್ಣಗಾದ್ರು. ಡಬ್ಲಿನ್ ಕ್ರೈಸ್ಟ್ ಚರ್ಚ್ ಕೆಥೆಡ್ರಲ್‌ನವರು 1999ರಲ್ಲಿ ಏಳು ಸೇರಿಸಿ 19 ಮಾಡ್ಕೊಂಡಿದಾರೆ, ನಮಗೆ ಎರಡು ಆಗಲ್ವಾ ಅಂತ ನಾನು ಹಠ ಹಿಡಿದೆ. ಮುಚ್ಚಿದ ಚರ್ಚುಗಳ ಗಂಟೆ ಮಾರಾಟಕ್ಕೆ ಬರುತ್ತೆ, ಶ್ರುತಿ ಸ್ವಲ್ಪ ಮೇಲಿರೋದನ್ನ ತಂದು ಲೇತಲ್ಲಿ ಒಳಗಿಂದ ಕಡೆಸಿ ಇಳಿಸೋಣ ಅಂದೆ. ಬೇರೆ ಬೇರೆ ಕಡೆ ಎರಕ ಆದದ್ದು ಹೊಂದಲ್ಲ ಅಂದ್ರು ಜೊತೆಗೆ ಬಾರಿಸೋರು.

ಮೊದಲನೇದ್ರಲ್ಲಿ ಕೈ ಸುಟ್ಕೊಂಡೆ. ಮಾರೋರು ಕಾಗದದಲ್ಲಿ ಬರೆದಿದ್ದ ಸ್ವರ ನಂಬಿ 1,800 ಕೊಟ್ಟು ತಂದು ತೂಗುಹಾಕಿ ಹೊಡೆದು ನೋಡಿದ್ರೆ ನಮಗೆ ಬೇಕಾದ್ದಕ್ಕಿಂತ 35-40 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಕೆಳಗೆ. ಬಾಯಂಚು ಕತ್ತರಿಸಿದ್ರೆ ಶ್ರುತಿ ಏರುತ್ತೆ ನಿಜ, ಆದ್ರೆ ಗಂಟೆ ಹಾಳು, ನನಗೆ ಮನಸ್ಸು ಬರ್ಲಿಲ್ಲ. 1,100ಕ್ಕೆ ಕೊಟ್ಟು ಕೈತೊಳ್ಕೊಂಡೆ.

ಆಮೇಲೆ ಪ್ರತಿಯೊಂದಕ್ಕೂ ನಾನೇ ಹೋಗಿ ಮೈಕ್ ಇಟ್ಟು ರೆಕಾರ್ಡ್ ಮಾಡಿ ನಾಮಿನಲ್, ಟಿಯರ್ಸ್, ಹಮ್ (ಒಂದೇ ಗಂಟೆಯ ಸದ್ದಲ್ಲಿ ಬೆರೆತಿರೋ ಬೇರೆ ಬೇರೆ ಸ್ವರಗಳು) ಎಲ್ಲಾ ಅಳೆದೆ, ಹನ್ನೊಂದು ಗಂಟೆಗಳನ್ನ ನೋಡಿರ್ಬೇಕು. ಎಲ್ಲಿ, ಯಾವುದರಿಂದ ಹೊಡೀತೀನಿ ಅನ್ನೋದು ಮಾತ್ರ ಹೇಳಲ್ಲ, ಅದಕ್ಕೆ ಎರಡು ಚಳಿಗಾಲ ಹೋಗಿದೆ. ಎಲ್ಲಕ್ಕಿಂತ ಮೇಲಿನ ಟ್ರೆಬಲ್‌ಗೆ ನಾಮಿನಲ್ ಮೂರೂವರೆ ಸಾವಿರ ಹರ್ಟ್ಸ್ ಆಸುಪಾಸು ಬೇಕಿತ್ತು, ಸಿಕ್ಕಿದ್ದು 26 ಸೆಂಟ್ ಮೇಲಿತ್ತು. ಎರಡೂ ಆ ಸ್ವರಕ್ಕೆ ಸ್ವಲ್ಪ ದಪ್ಪ ಅನ್ನಿಸೋದನ್ನೇ ಆರಿಸಿದ್ದೆ, 5 ಹಂಡ್ರೆಡ್‌ವೇಟ್ (ಸುಮಾರು 250 ಕೆಜಿ) ಮೇಲೆ. ತೆಳು ಟ್ರೆಬಲ್ ಹಾಕಿದ್ರೆ ಕೆಳಗೆ ರಸ್ತೆಲಿ ಟೆನರ್ ಸದ್ದಲ್ಲಿ ಮುಳುಗಿ ಹೋಗುತ್ತೆ. ಕಡೆಸಿ ಬಂದಾಗ ಒಳಮೈ ಹೊಸ ತಂಬಿಗೆ ಹಂಗೆ ಹೊಳೀತಿತ್ತು, ಹೊರಗೆ ಹಸಿರು ಕಿಲುಬು ಹಂಗೇ ಇತ್ತು.

ಹಳೇ ಫ್ರೇಮಲ್ಲಿ ಜಾಗ ಇಲ್ಲ, ಹಂಗಾಗಿ ಅದರ ಮೇಲೆ ಸ್ಟೀಲ್ ಫ್ರೇಮ್ ಕೂರಿಸಿದ್ವಿ. ಹಗ್ಗ ಉದ್ದ ಆಗಿ ಸ್ಯಾಲಿ (ಹಗ್ಗದಲ್ಲಿ ಕೈ ಹಿಡಿಯೋ ಉಣ್ಣೆಯ ಭಾಗ) ಹಾವಿನ ಹಾಗೆ ಆಡ್ತಿತ್ತು, ಹಗ್ಗ ನೆಟ್ಟಗೆ ಇಳಿಸೋ ಗೈಡ್ ಮೂರು ಸಲ ಜಾಗ ಬದಲಾಯಿಸಿದೆ. ಅದೇ ಹೊತ್ತಲ್ಲಿ ಹಗ್ಗದ ಪ್ರಯೋಗನೂ ಮಾಡಿದೆ, ಒಂದಕ್ಕೆ ಪೂರ್ತಿ ನಾರಿನ ಹಗ್ಗ, ಇನ್ನೊಂದಕ್ಕೆ ಮೇಲ್ಭಾಗ ಪಾಲಿಯೆಸ್ಟರ್. ಮಳೆ ಬಂದು ಥಂಡಿ ಹಿಡಿದ ವಾರ ನಾರಿಂದು ಬಿಗಿದು ಮೂರ್ನಾಲ್ಕು ಇಂಚು ಮೇಲೆ ಹೋಗಿತ್ತು, ಪಾಲಿಯೆಸ್ಟರ್ ಜಗ್ಗಲಿಲ್ಲ. ಪುಣೆ ಹೋಲಿ ನೇಮ್ ಕೆಥೆಡ್ರಲಲ್ಲೂ ಇದೇ ಥರ ಪೂರ್ತಿ ಸುತ್ತೋ ಎಂಟು ಗಂಟೆ ಇವೆ, ಅಲ್ಲಿಯ ಮಳೆಗಾಲಕ್ಕೂ ಪಾಲಿಯೆಸ್ಟರ್ ಒಗ್ಗುತ್ತೆ ಅನ್ನೋದು ನನ್ನ ನಂಬಿಕೆ.

ಒಟ್ಟು ಖರ್ಚು 31 ಸಾವಿರ ಚಿಲ್ಲರೆ, ಕಳ್ಕೊಂಡ 700ನೂ ಸೇರಿ. ಊರಲ್ಲಿ ಇಗರ್ಜಿಯ ಆಮೋರಿ (ಪ್ರಾರ್ಥನೆ ಹೊತ್ತಿನ) ಗಂಟೆ ಎಳೀತಿದ್ದವನು ನಾನು, ಮೊದಲ ರೌಂಡ್ಸ್‌ಗೆ (ಮೇಲಿನ ಸ್ವರದಿಂದ ಕೆಳಕ್ಕೆ ಸಾಲಾಗಿ ಬಾರಿಸೋದು) ಟ್ರೆಬಲ್ ನನಗೇ ಕೊಟ್ರು. ಬ್ಯಾಕ್‌ಸ್ಟ್ರೋಕಲ್ಲಿ (ಹಗ್ಗದ ತುದಿ ಹಿಡಿದು ಎಳೆಯೋ ಎರಡನೇ ಎಳೆತ) ಎರಡನೇ ಗಂಟೆ ಇನ್ನೂ ಚೂರು ತಡವಾಗಿ ಬೀಳ್ತಿದೆ, ಶನಿವಾರ ಟವರ್ ಹತ್ತಿ ಕ್ಲ್ಯಾಪರ್ (ಗಂಟೆಯ ನಾಲಿಗೆ) ಸರಿ ಮಾಡ್ಬೇಕು.